ಗೋಮಾಳದಲ್ಲಿ ಸಿಕ್ಕ ಕಲ್ಲು ಯಾರದು? ಖನಿಜ ಹುಡುಕುವವರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳವು. ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಚಿನ್ನ ನಾಲ್ಕೂ ಇರುವ ಶಿಲಾಪಟ್ಟಿ ಈ ಸೀಮೆಯಲ್ಲಿ ಹಾದುಹೋಗಿರುವುದರಿಂದ ಇಲ್ಲಿನವರಿಗೆ ಕಲ್ಲಿನ ಮೇಲೆ ಕಣ್ಣು ಬೀಳುವುದು ಸಹಜ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ, ಹೆಸರು ಬಿಟ್ಟು, ತಾಲ್ಲೂಕು ಮಾತ್ರ ಕೊಟ್ಟು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮೂರ ಗೋಮಾಳದ ದಿಬ್ಬದ ಮೇಲೆ ಕಪ್ಪಗಿನ, ತೂಕದ ಕಲ್ಲುಗಳಿವೆ. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಸರ್ಕಾರಿ ಜಾಗದಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಗಣಿ ಸಿಗುತ್ತದಂತೆ. ಅರ್ಜಿ ಎಲ್ಲಿ ಕೊಡಬೇಕು? (ಹೊಸದುರ್ಗ ತಾಲ್ಲೂಕು)

ಉತ್ತರ: ‘ಮೊದಲು ಬಂದವರಿಗೆ ಮೊದಲು’ ಎನ್ನುವ ಪದ್ಧತಿ 2015ರ ಜನವರಿ 12ಕ್ಕೆ ಮುಗಿಯಿತು. ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1957ಕ್ಕೆ ಅಂದು ತಂದ ತಿದ್ದುಪಡಿಯ ನಂತರ ಕಬ್ಬಿಣ, ಮ್ಯಾಂಗನೀಸ್, ತಾಮ್ರ, ಚಿನ್ನದಂಥ ಪ್ರಧಾನ ಖನಿಜಗಳ ಹಕ್ಕು ಹರಾಜಿನಲ್ಲೇ ಸಿಗಬೇಕು. ಅದಕ್ಕೂ ಮೊದಲು ಬಿದ್ದಿದ್ದ ಹಳೆಯ ಅರ್ಜಿಗಳಲ್ಲಿ ಬಹುಪಾಲು ಅಂದೇ ಅನರ್ಹವಾದವು. ಹಾಗಾಗಿ ‘ಅಪ್ಪ 2008ರಲ್ಲಿ ಅರ್ಜಿ ಹಾಕಿದ್ದರು’ ಎಂದು ಸ್ವೀಕೃತಿ ರಸೀದಿ ಹಿಡಿದು ಓಡಾಡುತ್ತಿರುವವರು ಅದರ ಮೇಲೆ ಇನ್ನು ಹಣ ಖರ್ಚು ಮಾಡಬಾರದು.

ಅಮೆರಿಕದ ವಿಡಿಯೊಗಳನ್ನು ನೋಡಿ ಗೊಂದಲವಾದವರೂ ಇದ್ದಾರೆ. ಅಲ್ಲಿ 1872ರ ಗಣಿ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಬಯಲು ಜಮೀನಿನಲ್ಲಿ ಖನಿಜ ಕಂಡವನು ಗೂಟ ನೆಟ್ಟು ಹಕ್ಕು ದಾಖಲಿಸಬಹುದು. ನಮ್ಮಲ್ಲಿ ಗೂಟ ನೆಟ್ಟರೆ ಅದು ಒತ್ತುವರಿ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 70ನೇ ಕಲಮಿನಂತೆ, ಮಂಜೂರಾತಿಯ ಷರತ್ತಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಭೂಮಿಯೊಳಗಿನ ಖನಿಜ ರಾಜ್ಯ ಸರ್ಕಾರದ್ದು. ಗೋಮಾಳವಿರಲಿ, ನಿಮ್ಮ ಹಿಡುವಳಿ ಹೊಲವೇ ಇರಲಿ, ಈ ಮಾತು ಒಂದೇ.

ಈಗಿರುವ ದಾರಿಗಳು ಮೂರು. ನಿಕ್ಷೇಪ ಎಷ್ಟಿದೆಯೆಂದು ಸರ್ಕಾರಕ್ಕೆ ಸಾಕಷ್ಟು ಗೊತ್ತಿರುವ ಕಡೆ ನೇರವಾಗಿ ಗಣಿ ಗುತ್ತಿಗೆಯ ಹರಾಜು. ಸುಳಿವು ಮಾತ್ರ ಇರುವ ಕಡೆ ಸಂಯುಕ್ತ ಪರವಾನಗಿಯ ಹರಾಜು. ಗೆದ್ದವರು ಮೊದಲು ಶೋಧಿಸಿ, ನಿಕ್ಷೇಪ ರುಜುವಾತಾದರೆ ಗುತ್ತಿಗೆಗೆ ಹೋಗುತ್ತಾರೆ. ಮೂರನೆಯದು 2023ರ ಆಗಸ್ಟ್ 17ರಿಂದ ಜಾರಿಗೆ ಬಂದ ಅನ್ವೇಷಣಾ ಪರವಾನಗಿ. ತಾಮ್ರ, ಚಿನ್ನ, ಸತು, ನಿಕಲ್, ಲಿಥಿಯಂ ಮುಂತಾದ 29 ಖನಿಜಗಳಿಗೆ ಮಾತ್ರ ಅದು ಅನ್ವಯ. ಒಂದು ಪರವಾನಗಿಗೆ 1,000 ಚದರ ಕಿ.ಮೀ. ವರೆಗೆ ಜಾಗ, 5 ವರ್ಷ ಅವಧಿ, ಬೇಕಾದರೆ 2 ವರ್ಷ ವಿಸ್ತರಣೆ. 3 ವರ್ಷ ಕಳೆದ ಮೇಲೆ ಶೇ 25ರಷ್ಟು ಜಾಗ ಮಾತ್ರ ಉಳಿಸಿಕೊಳ್ಳಬಹುದು. ನಿಮ್ಮ ಕಲ್ಲು ಬರೀ ಕಬ್ಬಿಣದ ಅದಿರಾದರೆ ಈ ಮೂರನೆಯ ದಾರಿ ನಿಮಗಿಲ್ಲ.

ಮೂರಕ್ಕೂ ದುಡ್ಡಿರುವ ಕಂಪನಿಗಳೇ ಬರುವುದು ಎಂಬ ನಿಮ್ಮ ಬೇಸರ ನ್ಯಾಯವಾದದ್ದೇ. ಆದರೂ ಸಾಮಾನ್ಯರಿಗೆ ಒಂದು ಬಾಗಿಲು ತೆರೆದಿದೆ. 2021ರ ನಿಯಮ ತಿದ್ದುಪಡಿಯಂತೆ, ಸಂಯುಕ್ತ ಪರವಾನಗಿಯ ಹರಾಜಿನಲ್ಲಿ ಭಾಗವಹಿಸಲು ಇಚ್ಛಿಸುವ ಯಾರು ಬೇಕಾದರೂ ‘ಈ ಜಾಗವನ್ನು ಹರಾಜಿಗಿಡಿ’ ಎಂದು ರಾಜ್ಯ ಸರ್ಕಾರಕ್ಕೆ ಪ್ರಸ್ತಾವ ಕೊಡಬಹುದು. ಹರಾಜಿಗೆ ಬಂದರೆ ಪ್ರಸ್ತಾವ ಕೊಟ್ಟವರು ಬಿಡ್ ಠೇವಣಿಯನ್ನು ಅರ್ಧದಷ್ಟು ಮಾತ್ರ ಕಟ್ಟಿದರೆ ಸಾಕು. ಸಿಗುವ ರಿಯಾಯಿತಿ ಇಷ್ಟೇ. ಹರಾಜಿನಲ್ಲಿ ನಿಮಗೆ ಮೊದಲ ಹಕ್ಕಾಗಲಿ, ಕಂಡುಹಿಡಿದ ಸಂಭಾವನೆಯಾಗಲಿ ಇಲ್ಲ.

ಪ್ರಸ್ತಾವವೆಂದರೆ ಬರೀ ಪತ್ರವಲ್ಲ. ಜಾಗದ ಮೂಲೆಗಳ ಅಕ್ಷಾಂಶ ರೇಖಾಂಶ, ಸರ್ವೆ ನಂಬರುಗಳು, ಭೂವೈಜ್ಞಾನಿಕ ನಕ್ಷೆ, ಈಗಾಗಲೇ ಪ್ರಕಟವಾಗಿರುವ ರಾಸಾಯನಿಕ ಹಾಗೂ ಭೂಭೌತ (ನೆಲದ ಕಾಂತತೆ, ವಿದ್ಯುತ್ ವಾಹಕತೆಯಂಥ ಅಳತೆಗಳ) ಮಾಹಿತಿ ಇರಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ 1:50,000 ಪ್ರಮಾಣದ ನಕ್ಷೆಗಳು ಸಿಗುತ್ತವೆ. 2023ರ ಡಿಸೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲೂ ಇವೆ. ಇವನ್ನು ಓದಿ ಅರ್ಥ ಮಾಡಿಸಲು ಒಬ್ಬ ಭೂವಿಜ್ಞಾನಿಯ ನೆರವು ಬೇಕೇ ಬೇಕು. ಪ್ರಸ್ತಾವ ಗಟ್ಟಿಯಾಗಲಿ ಎಂದು ಅನುಮತಿಯಿಲ್ಲದೆ ಗೋಮಾಳದಲ್ಲಿ ಕಂದಕ ತೆಗೆದು ಮಾದರಿ ವಿಶ್ಲೇಷಣೆ ಲಗತ್ತಿಸಬೇಡಿ. ಆ ವರದಿಯೇ ನಿಮ್ಮ ಮೇಲಿನ ಸಾಕ್ಷಿಯಾದೀತು.

ಇನ್ನೊಂದು ಮಾತು. ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಲ್ಲೆಲ್ಲ ಒಂದೇ ಅಲ್ಲ. ಚನ್ನಗಿರಿ ತಾಲ್ಲೂಕಿನ ಮಸಣಿಕೆರೆ, ತಾವರೆಕೆರೆ ಕಡೆಯ ಮ್ಯಾಗ್ನೆಟೈಟ್‌ನಲ್ಲಿ ಟೈಟೇನಿಯಂ ಮತ್ತು ವೆನೇಡಿಯಂ ಇದೆ. ಇಂಥ ನಿರ್ಣಾಯಕ ಖನಿಜಗಳನ್ನು 2023ರ ತಿದ್ದುಪಡಿಯ ನಂತರ ಹರಾಜು ಹಾಕುವುದು ಕೇಂದ್ರ ಸರ್ಕಾರ. ಖನಿಜ ಯಾವುದೆಂದು ಖಚಿತವಾಗುವವರೆಗೆ ಯಾವ ಕಚೇರಿಯ ಬಾಗಿಲು ತಟ್ಟಬೇಕೆಂಬುದೂ ಖಚಿತವಾಗುವುದಿಲ್ಲ.

ಪ್ರಶ್ನೆ: ಇಂಗಳದಾಳ್ ಹತ್ತಿರ ದಾರಿಬದಿಯಲ್ಲಿ ಸಿಕ್ಕ ಕಲ್ಲಿನಲ್ಲಿ ಹಳದಿ ಹೊಳಪಿನ ಕಣಗಳಿವೆ. ಚಿನ್ನವೇ? (ಚಿತ್ರದುರ್ಗ ತಾಲ್ಲೂಕು)

ಉತ್ತರ: ಇಂಗಳದಾಳ್ ಹಿಂದೆ ತಾಮ್ರ ತೆಗೆದ ಜಾಗ. ಅಲ್ಲಿನ ಕಲ್ಲಿನಲ್ಲಿ ಪೈರೈಟ್, ಚಾಲ್ಕೊಪೈರೈಟ್ ಎಂಬ ಗಂಧಕಯುಕ್ತ ಖನಿಜಗಳು ಹೊಳೆಯುವುದು ಸಾಮಾನ್ಯ. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ. ಹೊಳಪು ಬಳಿಯದ ಬಿಳಿ ಪಿಂಗಾಣಿಯ ಮೇಲೆ (ನೆಲದ ಟೈಲ್ಸಿನ ಹಿಂಭಾಗ ಸಾಕು) ಕಣವನ್ನು ಉಜ್ಜಿ. ಚಿನ್ನವಾದರೆ ಗೆರೆ ಹಳದಿ, ಉಳಿದೆರಡಕ್ಕೆ ಹಸಿರುಗಪ್ಪು. ಸೂಜಿಮೊನೆಯಿಂದ ಒತ್ತಿ, ಚಿನ್ನ ತಗ್ಗಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಚಾಕುವಿನಿಂದ ಗೀರಿ, ಚಾಲ್ಕೊಪೈರೈಟ್‌ಗೆ ಗೀರು ಬೀಳುತ್ತದೆ, ಪೈರೈಟ್‌ಗೆ ಸುಲಭಕ್ಕೆ ಬೀಳುವುದಿಲ್ಲ. ಬೆಂಕಿಗೆ ಹಾಕಿ ನೋಡಬೇಡಿ, ಗಂಧಕದ ಹೊಗೆ ಎದೆಗೆ ಕೆಟ್ಟದ್ದು.

ತೂಕದ ಕಲ್ಲು ಸಿಕ್ಕವರಿಗೂ ಒಂದು ಪರೀಕ್ಷೆ ಹೇಳುತ್ತೇವೆ. ಕಲ್ಲನ್ನು ಒಣಗಿದ್ದಾಗ ತೂಗಿ, ಆಮೇಲೆ ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ತೂಗಿ. ಒಣ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿ. 520 ಗ್ರಾಂ ಕಲ್ಲು ನೀರಿನಲ್ಲಿ 420 ತೂಗಿದರೆ 520 ಭಾಗಿಸು 100, ಅಂದರೆ 5.2, ಮ್ಯಾಗ್ನೆಟೈಟ್‌ಗೆ ಹತ್ತಿರ. ಸಾಧಾರಣ ಗ್ರಾನೈಟ್ ಆದರೆ 2.7ರ ಆಸುಪಾಸು. ಟೈಲ್ಸಿನ ಮೇಲೆ ಎಳೆದಾಗ ಗೆರೆ ಕೆಂಪಾದರೆ ಹೆಮಟೈಟ್, ಕಪ್ಪಾಗಿ ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್. ಕೈಗೆ ಮಸಿಯಂತೆ ಹತ್ತುವುದು ಹೆಚ್ಚಾಗಿ ಮ್ಯಾಂಗನೀಸ್.

ಪ್ರಶ್ನೆ: ಸರ್ಕಾರಿ ಬಂಜರಿನಲ್ಲಿ ಜೆಸಿಬಿಯಿಂದ ಒಂದೆರಡು ಗುಂಡಿ ತೋಡಿ ನೋಡಿ ಮುಚ್ಚಿಬಿಟ್ಟರೆ ತಪ್ಪೇನು? 6 ಮೀಟರ್ ಒಳಗಿದ್ದರೆ ಅನುಮತಿ ಬೇಡವೆಂದು ಒಬ್ಬರು ಹೇಳಿದರು. (ಹೊಳಲ್ಕೆರೆ ತಾಲ್ಲೂಕು)

ಉತ್ತರ: ಆ 6 ಮೀಟರ್ ಮಾತು ಅರ್ಧ ಸತ್ಯ, ಅರ್ಧ ಸತ್ಯವಾದ್ದರಿಂದಲೇ ಅಪಾಯ. ಅದು ಬಂದಿರುವುದು ಗಣಿ ಕಾಯ್ದೆ, 1952ರ 3ನೇ ಕಲಮಿನಿಂದ. ಶೋಧನೆಗಷ್ಟೇ ತೋಡಿದ ಗುಂಡಿಯಲ್ಲಿ ಯಾವ ದಿನವೂ 20ಕ್ಕಿಂತ ಹೆಚ್ಚು ಜನ ಕೆಲಸ ಮಾಡದೆ, ಆಳ 6 ಮೀಟರ್ ಮೀರದೆ (ಕಲ್ಲಿದ್ದಲಾದರೆ 15), ನೆಲದಡಿಗೆ ಬಿಲದಂತೆ ಕೊರೆಯದೆ, ತೆಗೆದ ಖನಿಜವನ್ನು ಬಳಸದೆ, ಮಾರದೆ ಇದ್ದರೆ ಆ ಕಾಯ್ದೆಯ ಬಹುಪಾಲು ನಿಬಂಧನೆಗಳು ಅನ್ವಯಿಸುತ್ತಿರಲಿಲ್ಲ. ಅದು ಕಾರ್ಮಿಕರ ಸುರಕ್ಷತೆಯ ಕಾಯ್ದೆ, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ತೋಡುವ ಹಕ್ಕು ಬರಬೇಕಾದದ್ದು 1957ರ ಕಾಯ್ದೆಯಿಂದ. ಅದರ 4ನೇ ಕಲಮು ಪರವಾನಗಿಯಿಲ್ಲದೆ ಶೋಧನೆ ಮಾಡಕೂಡದೆನ್ನುತ್ತದೆ, ಮತ್ತು ಅಲ್ಲಿ ‘ಇಷ್ಟು ಅಡಿಯೊಳಗೆ’ ಎಂಬ ವಿನಾಯಿತಿ ಇಲ್ಲ. ಖನಿಜವನ್ನು ಹುಡುಕುವ, ಪತ್ತೆಹಚ್ಚುವ, ರುಜುವಾತು ಮಾಡುವ ಯಾವ ಕೆಲಸವೂ ಶೋಧನೆಯೇ. ಯಂತ್ರ ಹೊತ್ತು ಗೆರೆಗೆರೆಯಾಗಿ ನಡೆದು ಭೂಭೌತ ಅಳತೆ ಮಾಡುವುದೂ ಅನುಮತಿಯ ವ್ಯಾಪ್ತಿಗೆ ಬರುತ್ತದೆ. ಸರ್ಕಾರಿ ಸಂಸ್ಥೆಗಳಿಗೂ ಕೇಂದ್ರ ಅಧಿಸೂಚಿಸಿದ ಮಾನ್ಯತೆ ಪಡೆದ ಖಾಸಗಿ ಅನ್ವೇಷಣಾ ಸಂಸ್ಥೆಗಳಿಗೂ ಮಾತ್ರ ಪ್ರತ್ಯೇಕ ಪರವಾನಗಿ ಬೇಡ.

ಶಿಕ್ಷೆ 21ನೇ ಕಲಮಿನಲ್ಲಿದೆ: 5 ವರ್ಷದವರೆಗೆ ಸೆರೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿವರೆಗೆ ದಂಡ. ಖನಿಜವನ್ನು ಕಾನೂನುಬಾಹಿರವಾಗಿ ತೆಗೆದು ಸಾಗಿಸಿದ್ದರೆ ಜೆಸಿಬಿ, ಟ್ರ್ಯಾಕ್ಟರ್, ಸಲಕರಣೆ ಜಪ್ತಿಯಾಗುತ್ತವೆ, ಮಾರಿಬಿಟ್ಟಿದ್ದರೆ ಅದರ ಬೆಲೆ ಹಾಗೂ ರಾಜಧನ (ರಾಯಲ್ಟಿ) ವಸೂಲಾಗುತ್ತದೆ. ಈ ಕಾಯ್ದೆಯಡಿ ಅಧಿಕೃತ ಅಧಿಕಾರಿಯ ಲಿಖಿತ ದೂರಿಲ್ಲದೆ ನ್ಯಾಯಾಲಯ ಪ್ರಕರಣ ಎತ್ತಿಕೊಳ್ಳುವುದಿಲ್ಲ ಎಂದು ಕೆಲವರು ಧೈರ್ಯ ಹೇಳುತ್ತಾರೆ. ಆದರೆ ಸರ್ಕಾರಿ ಜಮೀನಿನ ಖನಿಜ ಒಯ್ದರೆ ಪೊಲೀಸರು ಕಳವಿನ ಪ್ರಕರಣವನ್ನೂ ಬೇರೆಯಾಗಿ ಹೂಡಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಬಾಡಿಗೆ ಜೆಸಿಬಿ ಮಾಲೀಕರೂ ಇದನ್ನು ಗಮನಿಸಬೇಕು. ಕೆಲಸ ಹೇಳಿದವನು ಜಾರಿಕೊಂಡರೂ ಸ್ಥಳದಲ್ಲಿ ಸಿಗುವುದು ಗಾಡಿ.

ನೆಲದ ಮೇಲೆ ಬಿದ್ದ ಮುಷ್ಟಿಗಾತ್ರದ ಕಲ್ಲನ್ನು ಕೈಗೆತ್ತಿಕೊಂಡು ನೋಡುವುದು, ಫೋಟೊ ತೆಗೆಯುವುದು, ಜಿಪಿಎಸ್ ಗುರುತು ಹಾಕುವುದು ಬೇರೆ ಮಾತು, ಅದಕ್ಕೆ ಭಯಪಡಬೇಕಿಲ್ಲ. ಅರಣ್ಯದೊಳಗೆ ಮಾತ್ರ ಅದನ್ನೂ ಎತ್ತಿಕೊಂಡು ಬರಬೇಡಿ. ಕಾರಣ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಜಾಗ ಗೋಮಾಳವೋ, ಅರಣ್ಯವೋ, ಖರಾಬೋ ತಿಳಿಯುವುದು ಹೇಗೆ? ಪಹಣಿಯಲ್ಲಿ ‘ಸರ್ಕಾರಿ’ ಎಂದಷ್ಟೇ ಇದೆ. (ಹಿರಿಯೂರು ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿಂದ)

ಉತ್ತರ: ಹರಾಜಿಗೆ ಪ್ರಸ್ತಾವ ಕೊಡುವವರು, ಕಲ್ಲುಕ್ವಾರಿಗೆ ಹೊರಟವರು, ಹೆಚ್ಚಾಗಿ ಎಡವುವುದು ಇಲ್ಲೇ. ಸರ್ಕಾರಿ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಬಗೆಯ ಜಮೀನಲ್ಲ, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ.

ಮೊದಲು ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ತೆರೆದು, ನಿಂತ ಜಾಗದ ಸರ್ವೆ ನಂಬರು ನೋಡಿಕೊಳ್ಳಿ. ಗಡಿಯ ಹತ್ತಿರ ಅದು ಕೆಲವು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ ಅಕ್ಕಪಕ್ಕದ ನಂಬರುಗಳನ್ನೂ ಬರೆದುಕೊಳ್ಳಿ. ಆಮೇಲೆ ಆ ಎಲ್ಲ ನಂಬರುಗಳ ಪಹಣಿ ತೆಗೆಸಿ. ಕಾಲಂ 3ರಲ್ಲಿ ವಿಸ್ತೀರ್ಣ ಮತ್ತು ಖರಾಬು, ಕಾಲಂ 9ರಲ್ಲಿ ಸ್ವಾಧೀನದಾರರ ಹೆಸರು, ಕಾಲಂ 11ರಲ್ಲಿ ಋಣ ಹಾಗೂ ಇತರ ಹಕ್ಕುಗಳು ಇರುತ್ತವೆ. ‘ಬಿ’ ಖರಾಬು ಎಂದಿದ್ದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ಇಷ್ಟಕ್ಕೇ ನಿಲ್ಲಿಸಬೇಡಿ. ತಾಲ್ಲೂಕು ಭೂಮಾಪನ ಶಾಖೆಯಲ್ಲಿ ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ಮೂಲ ದಾಖಲೆ) ಮತ್ತು ಗ್ರಾಮನಕ್ಷೆ ಪಡೆದು ಪಹಣಿಯೊಡನೆ ಹೋಲಿಸಿ. ವಿಸ್ತೀರ್ಣ ತಾಳೆಯಾಗದ ನಂಬರುಗಳು ನಮ್ಮಲ್ಲಿ ಬಹಳ.

ಗೋಮಾಳವಾದರೆ ಇನ್ನೊಂದು ಲೆಕ್ಕವಿದೆ. ಊರಿನ 100 ಜಾನುವಾರಿಗೆ 12 ಹೆಕ್ಟೇರಿನಂತೆ ಮೇವಿನ ಜಾಗ ಉಳಿಸಬೇಕೆಂದು ಕರ್ನಾಟಕ ಭೂ ಕಂದಾಯ ನಿಯಮ 97 ಹೇಳುತ್ತದೆ. ಗೋಮಾಳ ಈಗಾಗಲೇ ಕೊರತೆಯಿದ್ದರೆ ಕಂದಾಯ ಇಲಾಖೆಯ ನಿರಾಕ್ಷೇಪಣೆ ಸಿಗುವುದು ಕಷ್ಟ, ಗ್ರಾಮಸ್ಥರ ತಕರಾರಿಗೂ ಬಲ ಬರುತ್ತದೆ. ಕುರಿ, ಎಮ್ಮೆ ಕಟ್ಟಿಕೊಂಡು ಬದುಕುವವರಿಗೆ ಆ ದಿಬ್ಬವೇ ಆಧಾರ; ತಕರಾರನ್ನು ಅಡ್ಡಿಯೆಂದು ನೋಡದೆ ಮೊದಲೇ ಊರಲ್ಲಿ ಕೂತು ಮಾತಾಡಿ.

ಎಲ್ಲಕ್ಕಿಂತ ಜೋಪಾನವಾಗಿ ನೋಡಬೇಕಾದದ್ದು ಅರಣ್ಯ. ಪಹಣಿಯಲ್ಲಿ ‘ಗೋಮಾಳ’ ಎಂದೇ ಇದ್ದು, ಕರ್ನಾಟಕ ಅರಣ್ಯ ಕಾಯ್ದೆ, 1963ರ ಸೆಕ್ಷನ್ 4ರಂತೆ ಮೀಸಲು ಅರಣ್ಯ ಮಾಡುವ ಉದ್ದೇಶದ ಅಧಿಸೂಚನೆ ಎಂದೋ ಆಗಿಹೋಗಿರುತ್ತದೆ. ಸೆಕ್ಷನ್ 17 ಆಗಿದ್ದರೆ ಅಂತಿಮ ಮೀಸಲು ಅರಣ್ಯ. ಪರಿಭಾವಿತ ಅರಣ್ಯದ (ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯವೆಂದೇ ಪರಿಗಣಿಸಿದ ಜಾಗದ) ಪಟ್ಟಿ ಬೇರೆಯೇ ಇದೆ. ಆದ್ದರಿಂದ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಸರ್ವೆ ನಂಬರು, ಜಿಪಿಎಸ್ ಬಿಂದುಗಳೊಂದಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಬಾಯಿಮಾತಿನ ‘ನಮ್ಮದಲ್ಲ ಬಿಡ್ರಿ’ ಎಂಬುದಕ್ಕೆ ಬೆಲೆಯಿಲ್ಲ. ಅರಣ್ಯದಲ್ಲಿ ಸಿಗುವ ಕಲ್ಲು, ಖನಿಜವನ್ನು ಆ ಕಾಯ್ದೆ ಅರಣ್ಯ ಉತ್ಪನ್ನವೆಂದೇ ಕರೆಯುತ್ತದೆ, ಒಂದು ತುಂಡನ್ನು ಒಯ್ದರೂ ಪ್ರಶ್ನೆ ಬರುವುದು ಅದಕ್ಕೇ. ಅರಣ್ಯೇತರ ಬಳಕೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿಯೂ ಬೇಕು. ಜೋಗಿಮಟ್ಟಿ ಮತ್ತು ಜಗಳೂರಿನ ರಂಗಯ್ಯನದುರ್ಗ ವನ್ಯಜೀವಿ ಧಾಮಗಳು, ಅಲ್ಲಿ ಖನಿಜದ ಯೋಚನೆಯನ್ನೇ ಬಿಡಿ.

ಮೊಳಕಾಲ್ಮೂರಿನವರಿಗೆ: ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಅಶೋಕ ಶಾಸನಗಳಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಚಿತ್ರದುರ್ಗದ ಕೋಟೆಗೂ ಇದೇ ನಿಯಮ.

ಪ್ರಶ್ನೆ: ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಖನಿಜ ನೋಡಲು ಬೋರ್ ಹಾಕುತ್ತೇವೆಂದು ತಂಡವೊಂದು ಬಂದಿದೆ. ತಡೆಯಬಹುದೇ? (ಜಗಳೂರು ತಾಲ್ಲೂಕು)

ಉತ್ತರ: ತಂಡದ ಬಳಿ ಊರ್ಜಿತ ಪರವಾನಗಿ ಇದ್ದರೆ 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ 24ಎ ಕಲಮಿನಂತೆ ಜಮೀನಿಗೆ ಬರುವ ಹಕ್ಕು ಅವರಿಗಿದೆ. ಆದರೆ ಮನೆಗೆ, ಮನೆಗೆ ಹೊಂದಿದ ಬೇಲಿಯಿರುವ ಅಂಗಳಕ್ಕೆ, ಕೈತೋಟಕ್ಕೆ ನಿಮ್ಮ ಒಪ್ಪಿಗೆಯಿಲ್ಲದೆ ಕಾಲಿಡಬೇಕಾದರೆ 7 ದಿನ ಮೊದಲು ಲಿಖಿತ ನೋಟಿಸು ಕೊಡಬೇಕು. ಹೊಲಕ್ಕಾದ ಹಾನಿಗೆ ಪರಿಹಾರ ಕೊಡುವುದು ಅವರ ಹೊಣೆ. ಮೇಲ್ಮೈ ನಿಮ್ಮದು, ಒಡಲಿನ ಖನಿಜ ಸರ್ಕಾರದ್ದು. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತಿಗೆ ಕೂರಿ.

ಮೊದಲು ಆದೇಶದ ಪ್ರತಿ ಕೇಳಿ. ಅದರಲ್ಲಿ ಸಂಸ್ಥೆಯ ಹೆಸರು, ಅವಧಿ, ಬ್ಲಾಕಿನ ಗಡಿ ಇರಬೇಕು. ನಿಮ್ಮ ಸರ್ವೆ ನಂಬರು ಆ ಗಡಿಯೊಳಗಿದೆಯೇ ಎಂದು ನೋಡಿ. ರಿಗ್ ಬರುವ ಮುಂಚೆಯೇ ದಿನಾಂಕ ಬೀಳುವಂತೆ ಹೊಲದ ಫೋಟೊ ತೆಗೆದು, ಬೆಳೆ, ಮರ, ಹನಿ ನೀರಾವರಿ ಪೈಪು, ಬದು ಎಲ್ಲವನ್ನೂ ಗ್ರಾಮ ಆಡಳಿತ ಅಧಿಕಾರಿಯ ಎದುರು ಪಂಚನಾಮೆ ಮಾಡಿಸಿ. ಕೃಷಿ ಜಮೀನಿನ ಪರಿಹಾರವನ್ನು ಹಿಂದಿನ 3 ವರ್ಷದ ನಿವ್ವಳ ಆದಾಯದ ಸರಾಸರಿ ಆಧರಿಸಿ ಲೆಕ್ಕ ಹಾಕುವುದರಿಂದ ಮಾರುಕಟ್ಟೆಯ ತೂಕದ ಚೀಟಿ, ಬೀಜ ಗೊಬ್ಬರದ ರಸೀದಿ ಇಟ್ಟುಕೊಂಡವರು ಗೆಲ್ಲುತ್ತಾರೆ. ಏನೂ ಇಲ್ಲದವರಿಗೆ ಅಧಿಕಾರಿ ಬರೆದದ್ದೇ ಲೆಕ್ಕ.

ಶೋಧನೆಯ ಬೋರ್ ನೀರಿನ ಬೋರಿನಂತಲ್ಲ. ವಜ್ರದ ಹಲ್ಲಿನ ಕೊಳವೆಯಿಂದ ಕಲ್ಲಿನ ದಿಂಡನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಸಾಮಾನ್ಯವಾಗಿ ಬಳಸುವ ಎನ್‌ಕ್ಯೂ ಅಳತೆಯಲ್ಲಿ ರಂಧ್ರ ಸುಮಾರು 76 ಮಿ.ಮೀ., ದಿಂಡು 47.6 ಮಿ.ಮೀ. ಕೊರೆಯುವಾಗ ನೀರು ನಿರಂತರ ಬೇಕು, ಪಕ್ಕದಲ್ಲಿ ಕೆಸರು ಗುಂಡಿ ತೆಗೆಯಬೇಕು. ಜಗಳ ಶುರುವಾಗುವುದೂ ಅಲ್ಲೇ. ನೀರು ಎಲ್ಲಿಂದ ತರುತ್ತಾರೆ ಎಂಬುದನ್ನು ಬರೆಸಿಕೊಳ್ಳಿ. ನಿಮ್ಮ ಕೊಳವೆಬಾವಿಯಿಂದಾದರೆ ದರವನ್ನೂ ಬರೆಸಿ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ ಕೊನೆಗೆ ಮೇಲೆಯೇ ಹರಡಬೇಕು, ಇಲ್ಲದಿದ್ದರೆ ಕೆಸರು ಒಣಗಿದ ಜಾಗದಲ್ಲಿ ಬೆಳೆ ಏಳುವುದಿಲ್ಲ. ರಂಧ್ರವನ್ನು ಸಿಮೆಂಟಿನಿಂದ ಮುಚ್ಚಿಸಿ ಫೋಟೊ ಇಟ್ಟುಕೊಳ್ಳಿ. ಬಂದದ್ದು ಸರ್ಕಾರಿ ಸಂಸ್ಥೆಯಾದರೂ ಬೆಳೆನಷ್ಟವನ್ನು ಲಿಖಿತವಾಗಿಯೇ ಕೇಳಿ, ಪ್ರತಿಯನ್ನು ತಹಸೀಲ್ದಾರರಿಗೂ ಕೊಡಿ.

ಪ್ರಶ್ನೆ: ಸರ್ಕಾರಿ ಜಾಗದ ಕಟ್ಟಡ ಕಲ್ಲಿಗೆ, ಬೆಣಚುಕಲ್ಲಿಗೆ ಲೀಸ್ ಪಡೆಯುವುದು ಹೇಗೆ? (ದಾವಣಗೆರೆ ತಾಲ್ಲೂಕು)

ಉತ್ತರ: ಎರಡಕ್ಕೂ ಈಗ ದಾರಿ ಬೇರೆ. ಕಟ್ಟಡ ಕಲ್ಲು ಉಪ ಖನಿಜ, ಕರ್ನಾಟಕ ಉಪ ಖನಿಜ ರಿಯಾಯಿತಿ ನಿಯಮಗಳು, 1994ರ ವ್ಯಾಪ್ತಿಗೆ ಬರುತ್ತದೆ. ಬೆಣಚು, ಫೆಲ್ಡ್‌ಸ್ಪಾರ್, ಬೆರೈಟ್, ಅಭ್ರಕ ಈ ನಾಲ್ಕು 2015ರಿಂದ ಉಪ ಖನಿಜಗಳಾಗಿದ್ದವು. 2025ರ ಫೆಬ್ರುವರಿಯಲ್ಲಿ ಕೇಂದ್ರ ಅವನ್ನು ಪ್ರಧಾನ ಖನಿಜವೆಂದು ಮರುವರ್ಗೀಕರಿಸಿತು. ಹಾಗಾಗಿ ಹಳೆಯ ನಮೂನೆ ತುಂಬಿಕೊಂಡು ಬೆಣಚಿಗೆ ಅರ್ಜಿ ಹಾಕಬೇಡಿ.

ಕಟ್ಟಡ ಕಲ್ಲಿಗೆ ಸರ್ಕಾರಿ ಜಾಗವಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆ ಗುರುತಿಸಿ, ಕಂದಾಯ ಮತ್ತು ಅರಣ್ಯ ಇಲಾಖೆಗಳ ನಿರಾಕ್ಷೇಪಣೆ ಪಡೆದು ಹರಾಜು ಹಾಕುತ್ತದೆ. ಗೆದ್ದವರಿಗೆ ಮೊದಲು ಸಿಗುವುದು ಆಶಯ ಪತ್ರ. ಅದಾದ ಮೇಲೆ ಕ್ವಾರಿ ಯೋಜನೆಗೆ ಅನುಮೋದನೆ, ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಕೊನೆಗೆ ಗುತ್ತಿಗೆ ಪತ್ರ. 5 ಹೆಕ್ಟೇರಿಗಿಂತ ಚಿಕ್ಕದಕ್ಕೆ ಪರಿಸರ ಅನುಮತಿ ಬೇಡವೆಂಬುದು ಹಳೆಯ ಮಾತು. 2012ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ಆದೇಶದ ನಂತರ ಅದಕ್ಕೂ ಬೇಕು. ಸಾಲ ಮಾಡಿ ಹರಾಜು ಹಿಡಿದವರು ಬಡ್ಡಿಯ ಒತ್ತಡಕ್ಕೆ ಆಶಯ ಪತ್ರದ ಮೇಲೆಯೇ ಕಲ್ಲು ಒಡೆಯಲು ಶುರುಮಾಡಿ ಸಿಕ್ಕಿಬೀಳುತ್ತಾರೆ. ಕಾಗದಪತ್ರ ಮುಗಿಯುವ ತನಕದ ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕಿ ಬಿಡ್ ಕೂಗಿ. ಸಿಡಿಮದ್ದಿಗೆ ಪ್ರತ್ಯೇಕ ಪರವಾನಗಿ ಬೇಕು. ಲೋಡು ಹೊರಡುವ ಪ್ರತಿ ಸಲವೂ ಸಾಗಣೆ ಪರವಾನಗಿ ಇರಬೇಕು.

ಪ್ರಶ್ನೆ: ಹೊಳೆಯ ಮರಳನ್ನು ಬಾಣಲೆಯಲ್ಲಿ ಜಾಲಿಸಿ ಚಿನ್ನ ನೋಡಬಹುದೇ? (ಹೊನ್ನಾಳಿ ತಾಲ್ಲೂಕು)

ಉತ್ತರ: ಕುದುರೆಕೊಂಡ, ಪಲವನಹಳ್ಳಿ ಕಡೆ ಹಳೆಯ ಚಿನ್ನದ ಕುಣಿಗಳಿರುವುದರಿಂದ ನಿಮ್ಮ ಕುತೂಹಲ ಅರ್ಥವಾಗುತ್ತದೆ. ಆದರೆ ಹವ್ಯಾಸಕ್ಕೆಂದು ಜಾಲಿಸುವವರಿಗೆ ನಮ್ಮ ಕಾನೂನಿನಲ್ಲಿ ವಿನಾಯಿತಿ ಇಲ್ಲ. ಹೊಳೆಪಾತ್ರ ಸರ್ಕಾರದ್ದು, ಚಿನ್ನ ಪ್ರಧಾನ ಖನಿಜ, ಮರಳು ತೆಗೆಯಲು ಬೇರೆಯೇ ಅನುಮತಿ. ಹಳೆಯ ಕುಣಿಗಳೊಳಗೆ ಇಳಿಯುವುದಂತೂ ಬೇಡವೇ ಬೇಡ. ಗಾಳಿಯಾಡದ ತಳದಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ, ಉಸಿರು ಕಟ್ಟುವುದು ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಪ್ರಶ್ನೆ: 3 ಲಕ್ಷ ಕೊಟ್ಟರೆ 50 ಎಕರೆಗೆ ‘ಪ್ರಾಸ್ಪೆಕ್ಟಿಂಗ್ ಲೈಸೆನ್ಸ್’ ಮಾಡಿಸಿಕೊಡುತ್ತೇನೆಂದು ಮಧ್ಯವರ್ತಿಯೊಬ್ಬರು ಹಳೆಯ ಆದೇಶದ ನಕಲು ತೋರಿಸಿದ್ದಾರೆ. (ಚಳ್ಳಕೆರೆ ತಾಲ್ಲೂಕು)

ಉತ್ತರ: ಕೊಡಬೇಡಿ. ಪ್ರಧಾನ ಖನಿಜಕ್ಕೆ ಖಾಸಗಿಯವರು ಅರ್ಜಿ ಹಾಕಿ ಶೋಧನಾ ಪರವಾನಗಿಯನ್ನಷ್ಟೇ (ಪ್ರಾಸ್ಪೆಕ್ಟಿಂಗ್ ಲೈಸೆನ್ಸ್) ಪಡೆಯುವ ದಾರಿ ಈಗಿಲ್ಲ. ನಕಲಿನ ಮೇಲಿರುವ ಆದೇಶ ಸಂಖ್ಯೆ, ದಿನಾಂಕ, ಸರ್ವೆ ನಂಬರುಗಳನ್ನು ಬರೆದುಕೊಂಡು ಚಿತ್ರದುರ್ಗದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಕೊಡಿ. ಮೂರು ಪ್ರಶ್ನೆ ಸಾಕು: ಈ ಆದೇಶ ಹೊರಟಿದೆಯೇ, ಈಗ ಊರ್ಜಿತವಿದೆಯೇ, ಈ ಸರ್ವೆ ನಂಬರು ಯಾವುದಾದರೂ ಹರಾಜು ಬ್ಲಾಕಿನಲ್ಲಿದೆಯೇ. 30 ದಿನದೊಳಗೆ ಉತ್ತರ ಬರಬೇಕು. ಅಲ್ಲಿಯವರೆಗೆ ಮುಂಗಡವಾಗಲಿ, ಸಹಿ ಹಾಕಿದ ಖಾಲಿ ಛಾಪಾ ಕಾಗದವಾಗಲಿ ಆ ವ್ಯಕ್ತಿಯ ಕೈಗೆ ಹೋಗಕೂಡದು.